ರೂಮ್ ಅಗ್ರಿಮೆಂಟ್ ರಿನ್ಯೂವಲ್‌ಗೆ 23,000 ಕೇಳ್ಯಾರ (ಪುಣೆ, ಕರ್ವೆ ನಗರ). ಇದ್ರಾಗ ಖರೇ ಕೊಡಬೇಕಾದ್ದು ಎಷ್ಟ್ರಿ?

ಗದಗಿನಾಕಿ

ಎಲ್ಲಾರಿಗೂ ನಮಸ್ಕಾರ್ರಿ. ನಾ ಗದಗ ಕಡೆಯಾಕಿ. ಪುಣೆಕ್ಕ ಬಂದು ಒಂದು ವರ್ಷ ಆತು, ಎಂ.ಎಸ್ಸಿ. ಓದಾಕತ್ತೀನಿ. ಕರ್ವೆ ನಗರದಾಗ ಮೂರು ಮಂದಿ ಹುಡುಗ್ಯಾರು ಸೇರಿ ಟೂ ಬಿಎಚ್‌ಕೆ ಹಿಡದೇವಿ. ಬಾಡಗಿ 24,000, ಡಿಪಾಸಿಟ್ 60,000. ಅಗ್ರಿಮೆಂಟ್ 11 ತಿಂಗಳದ್ದು, ಈ ತಿಂಗಳ 30ಕ್ಕ ಮುಗಿತೈತಿ.

ಮೊನ್ನೆ ರಾತ್ರಿ ಹತ್ತೂವರಿಗೆ, ನಾವು ಇನ್ನೂ ಚಪಾತಿ ಲಟ್ಟಿಸಾಕತ್ತಿದ್ವಿ, ಏಜೆಂಟಂದು ವಾಟ್ಸಾಪ್ ಬಂತು. ರಿನ್ಯೂವಲ್ ಬ್ರೋಕರೇಜ್ ಅರ್ಧ ತಿಂಗಳ ಬಾಡಗಿ, 12,000. ಅಗ್ರಿಮೆಂಟ್ ಖರ್ಚು 4,500. ಪೊಲೀಸ್ ವೆರಿಫಿಕೇಶನ್ 1,500. ಸೊಸೈಟಿ (ಅಪಾರ್ಟ್‌ಮೆಂಟಿನವರ ಸಂಘ) ಚಾರ್ಜ್ 3,000. ಹೆಸರು ಬದಲಿ 2,000, ಯಾಕಂದ್ರ ನಮ್ಮೊಳಗ ಸಾಂಗ್ಲಿಯಾಕಿ ಓದು ಮುಗಿಸಿ ಹೊಂಟಾಳ, ಆಕಿ ಜಾಗಾಕ್ಕ ಬಾಗಲಕೋಟಿಯಾಕಿ ಬರಾಕತ್ತಾಳ. ಒಟ್ಟು 23,000. ಬಾಡಗಿ ಬ್ಯಾರೆ ಹತ್ತು ಪರ್ಸೆಂಟ್ ಏರಿಸಿ 26,400. ಕಡೀಕ ಒಂದು ಸಾಲು: ಎರಡು ದಿನದಾಗ ಹೇಳ್ರಿ, ಒಂದು ಫ್ಯಾಮಿಲಿ ಕಾಯಾಕತ್ತೈತಿ.

ಹೋದ ವರ್ಷ ಮನಿ ತೋರಿಸಿದ್ದಕ್ಕ ಪೂರಾ ಒಂದು ತಿಂಗಳ ಬಾಡಗಿ, 24,000 ಕೊಟ್ಟೇವಿ. ಮ್ಯಾಲೆ ಅಗ್ರಿಮೆಂಟ್‌ಗೆ ಅಂತ 5,000. ಅದಕ್ಕ ನಮ್ಮ ತಕರಾರು ಇಲ್ರಿ, ಮನಿ ಚಲೋ ಐತಿ, ಕಾಲೇಜಿಗೆ ನಡಕೊಂಡ ಹೋಗ್ತೀವಿ. ಆದ್ರ ಈಗ ಅದ ಮನಿ, ಅದ ಕಾಟು, ಅದ ಗ್ಯಾಸು. ಏಜೆಂಟ ಈ ಹನ್ನೊಂದು ತಿಂಗಳದಾಗ ಒಮ್ಮೆನೂ ಬಂದಿಲ್ಲ. ಬಚ್ಚಲದ ನಳ ಸೋರಿದಾಗ ಫೋನ್ ಮಾಡಿದ್ವಿ, ಎತ್ತಲಿಲ್ಲ, ನಾವ ಪ್ಲಂಬರ್‌ನ ಕರಿಸಿ 650 ಕೊಟ್ವಿ.

ಮನಿ ಮಾಲಕಿ ಎಂಬತ್ತರ ಹತ್ರ ವಯಸ್ಸಿನ ಮುದುಕಿ, ಸದಾಶಿವ ಪೇಟೆದಾಗ ಇರ್ತಾರ. ನಾವು ಆಜಿ ಅಂತ ಕರೀತೀವಿ. ಅವರನ್ನ ನೋಡಿದ್ದು ಒಮ್ಮೆ, ಹೋದ ವರ್ಷ ಅಗ್ರಿಮೆಂಟ್ ದಿನ. ಹೆಬ್ಬೆರಳು ಒತ್ತೋ ಮಷೀನು ಅವರ ಬೆರಳ ತಗೊಳ್ಳವಲ್ದು. ಗೆರಿ ಎಲ್ಲಾ ಸವದು ಹೋಗ್ಯಾವ. ಸೀರಿ ಸೆರಗಿಗೆ ಒರಸ್ತಾರ, ಒತ್ತತಾರ, ಮಷೀನಿನ ಕೆಂಪು ದೀಪ ಹತ್ತಿ ಆರತೈತಿ. ಕಡೀಕ ಬಿಸಿನೀರಾಗ ಕೈ ಅದ್ದಿ ಒರಸಿದ ಮ್ಯಾಲೆ ಒಂಬತ್ತನೇ ಸಲಕ್ಕ ಬಂತು. ಎದ್ದು ಹೋಗಬೇಕಾದ್ರ ನಮ್ಮ ಮೂವರ ಕೈಯಾಗ ಒಂದೊಂದು ರಾಜಗಿರಿ ಲಾಡು ಇಟ್ರು. ಹಂಥಾವರು ನಮಗ ಇಷ್ಟು ರೊಕ್ಕ ಕೇಳ್ತಾರ ಅನಸವಲ್ದು. ಆದ್ರ ಏಜೆಂಟ, ಮಾಲಕರಿಗೆ ಡೈರೆಕ್ಟ್ ಫೋನ್ ಮಾಡಬ್ಯಾಡ್ರಿ, ಅವರಿಗೆ ಸೇರೂದಿಲ್ಲ ಅಂದಾನ.

ನನ್ನ ಪಾಲಿಗೆ 7,666 ಬರ್ತೈತ್ರಿ. ಈ ಸಲ ನಮ್ಮ ಕಡೆ ಹೆಸರು ಕೊಯ್ಯೋ ಹೊತ್ತಿಗೆ ಮಳಿ ಹಿಡಕೊಂಡು ಕಾಳು ಕಪ್ಪಾಗಿ ಹೋತು. ಅಪ್ಪ ಮೊನ್ನೆ ಫೀ ಕಟ್ಟಿದ್ದು ಹ್ಯಾಂಗ ಅಂತ ನನಗ ಗೊತ್ತೈತಿ. ಮತ್ತ ರೊಕ್ಕ ಕಳಸ್ರಿ ಅನ್ನಾಕ ಬಾಯಿ ಬರವಲ್ದು.

ಇನ್ನೊಂದು ಮಾತು. ಖರ್ಚು ಕಮ್ಮಿ ಆಗಬೇಕಂದ್ರ ರಿಜಿಸ್ಟ್ರೇಶನ್ ಬ್ಯಾಡ, 500 ರೂಪಾಯಿ ಬಾಂಡ್ ಮ್ಯಾಲೆ ನೋಟರಿ ಮಾಡಸೂಣು, ಮೂರು ಸಾವಿರ ಉಳಿತಾವ ಅಂದಾನ. ಹಂಗ ಮಾಡಿದ್ರ ನಡಿತೈತೇನ್ರಿ? ಗೊತ್ತಿದ್ದವರು ದಯವಿಟ್ಟು ಹೇಳ್ರಿ.

ಕೋಥರೂಡ್ ಅಕ್ಕ

ತಂಗೀ, ಮೊದಲು ಆ ನೋಟರಿ ಮಾತು ಬಿಟ್ಟುಬಿಡು. ಉಳಿದದ್ದು ಆಮೇಲೆ.

ಮಹಾರಾಷ್ಟ್ರದಲ್ಲಿ ಮನೆ ಬಾಡಿಗೆಗೆ ಕೊಟ್ಟರೆ ಕರಾರು ಬರಹದಲ್ಲಿ ಇರಲೇಬೇಕು, ನೋಂದಣಿಯೂ ಆಗಲೇಬೇಕು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮು ಹೇಳೋದು ಇದನ್ನೇ. ನೋಂದಣಿ ಮಾಡಿಸೋ ಹೊಣೆ ಮನೆ ಮಾಲೀಕರದ್ದು, ನಿನ್ನದಲ್ಲ. ಮಾಡಿಸದಿದ್ದರೆ ಮೂರು ತಿಂಗಳವರೆಗೆ ಜೈಲು ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಂದರೆ ಆ ಏಜೆಂಟ್ ಮೂರು ಸಾವಿರ ಉಳಿಸ್ತೀನಿ ಅಂತ ಆ ಮುದುಕಮ್ಮನನ್ನೇ ತಪ್ಪಿನಲ್ಲಿ ಸಿಗಿಸೋಕೆ ಹೊರಟಿದ್ದಾನೆ. ಪಾಪ, ಅವರಿಗೆ ಇದು ಗೊತ್ತಿರಲಿಕ್ಕೂ ಇಲ್ಲ.

ನಾನು 2011ರಲ್ಲಿ ಮೈಸೂರಿನಿಂದ ಇಲ್ಲಿಗೆ ಓದೋಕೆ ಬಂದವಳು. ನಾವು ನಾಲ್ವರು ನೋಟರಿ ಕಾಗದದ ಮೇಲೇ ಒಂದು ವರ್ಷ ಇದ್ದೆವು. ಬಿಡುವಾಗ ಗೋಡೆಗೆ ಬಣ್ಣ ಅಂತ ಡಿಪಾಸಿಟ್‌ನಲ್ಲಿ 18,000 ಮುರಿದುಕೊಂಡರು. ಗೋಡೆಯಲ್ಲಿ ಕ್ಯಾಲೆಂಡರ್ ಮೊಳೆಯ ಎರಡು ತೂತು ಬಿಟ್ಟರೆ ಏನೂ ಇರಲಿಲ್ಲ. ಕರಾರು ನೋಂದಣಿ ಆಗದೇ ಇದ್ದಾಗ ಷರತ್ತುಗಳ ಬಗ್ಗೆ ಬಾಡಿಗೆದಾರರ ಮಾತನ್ನೇ ಮೊದಲು ಒಪ್ಪಬೇಕು, ಅಲ್ಲ ಅನ್ನೋದನ್ನ ಮಾಲೀಕರು ಸಾಬೀತು ಮಾಡಬೇಕು ಅಂತ ಅದೇ 55ನೇ ಕಲಮಿನಲ್ಲಿ ಇದೆ. ಅದು ನನಗೆ ಗೊತ್ತಾಗಿದ್ದು ಎಷ್ಟೋ ವರ್ಷದ ಮೇಲೆ. ಆಗ ಕೈಯಲ್ಲಿ ಗಟ್ಟಿ ಕಾಗದ ಇಲ್ಲ ಅಂತ ನಾವೇ ಹೆದರಿ ಸುಮ್ಮನಾದೆವು. ಆ ದುಡ್ಡು ಈಗಲೂ ನನ್ನ ಹೊಟ್ಟೆಯಲ್ಲಿ ಉರೀತಿದೆ.

ಈಗ ನಿನ್ನ ಲೆಕ್ಕ. ಲೀವ್ ಅಂಡ್ ಲೈಸೆನ್ಸ್ ಕರಾರಿಗೆ (ನಿನ್ನಂಥ ಬಾಡಿಗೆ ಅಗ್ರಿಮೆಂಟನ್ನ ಇಲ್ಲಿ ಕರೆಯೋದು ಹೀಗೆ) ಮುದ್ರಾಂಕ ಶುಲ್ಕ ಶೇಕಡಾ 0.25. ಯಾವುದರ ಮೇಲೆ? ಇಡೀ ಅವಧಿಯ ಬಾಡಿಗೆ, ಜೊತೆಗೆ ವಾಪಸ್ ಬರುವ ಡಿಪಾಸಿಟ್‌ಗೆ ವರ್ಷಕ್ಕೆ ಶೇಕಡಾ 10ರಂತೆ ಬಡ್ಡಿ, ಎರಡೂ ಕೂಡಿದ ಮೊತ್ತದ ಮೇಲೆ. ಅವನು ಹೇಳಿದ 26,400ನ್ನೇ ಹಿಡಿ. 11 ತಿಂಗಳಿಗೆ 2,90,400. ಡಿಪಾಸಿಟ್ 60,000ಕ್ಕೆ 11 ತಿಂಗಳ ಬಡ್ಡಿ 5,500. ಒಟ್ಟು 2,95,900. ಅದರ 0.25 ಅಂದರೆ 740 ರೂಪಾಯಿ, ನೂರರ ಲೆಕ್ಕಕ್ಕೆ ಏರಿಸಿದರೂ 800. ನೋಂದಣಿ ಶುಲ್ಕ ಮಹಾನಗರಪಾಲಿಕೆ ಹದ್ದಿನಲ್ಲಿ 1,000. ಆನ್‌ಲೈನ್ ದಾಖಲೆ ಶುಲ್ಕ ಅಂತ ಇನ್ನೊಂದು ಸಣ್ಣ ಮೊತ್ತ ಸೇರುತ್ತೆ. ಸರ್ಕಾರಕ್ಕೆ ಹೋಗೋದು ಇಷ್ಟೇ. ಮಿಕ್ಕಿದ್ದೆಲ್ಲ ಮನುಷ್ಯರ ಜೇಬಿಗೆ.

ನಂಬಿಕೆ ಬರದಿದ್ದರೆ ಹೋದ ವರ್ಷದ ಅಗ್ರಿಮೆಂಟ್ ಪಿಡಿಎಫ್ ತೆಗೆದು ನೋಡು. ಅದರ ಜೊತೆ ಇಂಡೆಕ್ಸ್ 2 ಅಂತ ಒಂದು ಪುಟ ಇರುತ್ತೆ, ಮರಾಠಿಯಲ್ಲಿ. ಎಷ್ಟು ಕಟ್ಟಿದ್ದಾರೆ ಅಂತ ಅಲ್ಲೇ ಬರೆದಿರುತ್ತೆ. ಹಾಗೇ ಅಗ್ರಿಮೆಂಟ್ ಪೂರ್ತಿ ಓದು, ರಿನ್ಯೂವಲ್ ಬ್ರೋಕರೇಜ್ ಅನ್ನೋ ಷರತ್ತು ಎಲ್ಲಾದರೂ ಇದೆಯಾ ನೋಡು.

ಇನ್ನೊಂದು ವಿಷಯ, ಇದು ಹೊಸದಾಗಿ ಬರೋ ಮಕ್ಕಳಿಗೂ. 11 ತಿಂಗಳು ಅನ್ನೋದು ಬರೀ ರೂಢಿ. ಒಂದು ವರ್ಷ ಮೀರಿದ ಲೀಸ್‌ಗೆ 1908ರ ನೋಂದಣಿ ಕಾಯ್ದೆ ಪ್ರಕಾರ ನೋಂದಣಿ ಕಡ್ಡಾಯ, ಅದನ್ನ ತಪ್ಪಿಸಿಕೊಳ್ಳೋಕೆ ದೇಶದ ತುಂಬ ಜನ 11ಕ್ಕೆ ನಿಲ್ಲಿಸಿದರು. ಮಹಾರಾಷ್ಟ್ರದಲ್ಲಿ 2000ದಿಂದ ಒಂದು ತಿಂಗಳ ಕರಾರಾದರೂ ನೋಂದಣಿ ಮಾಡಿಸಲೇಬೇಕು. ಹಾಗಿದ್ದಮೇಲೆ 11ರಿಂದ ಏನು ಲಾಭ? ಎರಡು ವರ್ಷದ ಕೋರ್ಸಿಗೆ ಬಂದವರು 22 ತಿಂಗಳಿಗೇ ಮಾಡಿಸಿಕೊಳ್ಳಿ. 60 ತಿಂಗಳವರೆಗೂ ಮುದ್ರಾಂಕದ ದರ ಅದೇ 0.25. ಎರಡನೇ ವರ್ಷ ಬಾಡಿಗೆ ಎಷ್ಟು ಏರುತ್ತೆ ಅಂತ ಅದರಲ್ಲೇ ಬರೆಸಿ. ನಡುವೆ ಯಾರೂ ಬಂದು ರಿನ್ಯೂವಲ್ ಅಂತ ಬಾಗಿಲು ತಟ್ಟೋ ಹಾಗಿಲ್ಲ.

ವಿಮಾನ ನಗರ, ಬೆಳಗಾವಿ

ನಂಗೂ ಹೋದ ಡಿಸೆಂಬರ್‌ನ್ಯಾಗ ಹಿಂಗ ಆಗಿತ್ತು. ಪರೀಕ್ಷಾ ಮುಂದಿನ ವಾರ ಇತ್ತು, ಮನಿ ಹುಡುಕಾಕ ಟೈಮ್ ಇರಲಿಲ್ಲ, ಕೇಳಿದಷ್ಟು ಕೊಟ್ಟುಬಿಟ್ಟೆ. ರಸೀದಿ ಕೇಳಿದ್ರ ಜಿಪೇ ಸ್ಕ್ರೀನ್‌ಶಾಟೇ ರಸೀದಿ ಅಂದ. ಬ್ಯಾಚುಲರ್ಸ್‌ಗೆ ಮನಿ ಸಿಗೂದಿಲ್ಲ ಅನ್ನೋ ಹೆದರಿಕಿ ಮ್ಯಾಲೇ ಇವರ ಧಂದೆ ನಡದೈತಿ. ತಂಗೀ, ನೀ ಕೊಡಬ್ಯಾಡ, ಆಜಿಗೆ ಫೋನ್ ಮಾಡು.

ಧನಕವಡಿ ಏಜೆಂಟ್ (ವಿಜಯಪುರ)

ನಾನು 14 ವರ್ಷದಿಂದ ಧನಕವಡಿ, ಅಂಬೇಗಾಂವ್, ನರ್ಹೆ ಕಡೆ ಇದೇ ಕೆಲಸ ಮಾಡ್ತೀನಿ. ಎಲ್ಲಾ ಏಜೆಂಟರೂ ಹಿಂಗೇ ಅಂತ ತಿಳೀಬ್ಯಾಡ್ರಿ, ಅದಕ್ಕೇ ಬರೀತಿದ್ದೀನಿ.

ಹೊಸ ಮನೆ ಹುಡುಕಿ ಕೊಟ್ಟದ್ದಕ್ಕೆ ಬ್ರೋಕರೇಜ್ ತಗೋತೀವಿ. ಬಿಸಿಲಾಗ ಹತ್ತು ಮನೆ ತೋರಿಸ್ತೀವಿ, ಹುಡುಗ್ರು ಅಂದ್ರೆ ಒಲ್ಲೆ ಅನ್ನೋ ಮಾಲೀಕರನ್ನ ಒಪ್ಪಿಸ್ತೀವಿ, ಅದು ದುಡಿಮೆ. ರಿನ್ಯೂವಲ್‌ನಲ್ಲಿ ಆ ದುಡಿಮೆ ಇಲ್ಲ. ಕೊಡಲೇಬೇಕು ಅನ್ನೋ ಕಾನೂನೂ ಇಲ್ಲ. ಮೊದಲೇ ಒಪ್ಪಿ ಬರೆದುಕೊಟ್ಟಿದ್ದರೆ ಮಾತು ಬೇರೆ. ಮಾಲೀಕರ ಪರವಾಗಿ ವರ್ಷವಿಡೀ ಮನೆ ನೋಡಿಕೊಳ್ಳೋ ಏಜೆಂಟರೂ ಇದ್ದಾರೆ, ನಳ ರಿಪೇರಿ, ಲೈಟ್ ಬಿಲ್ಲು ಎಲ್ಲಾ. ಅಂಥವರಿಗೆ ಮಾಲೀಕರು ಕೊಡ್ತಾರೆ. ನಿಮ್ಮ ನಳಕ್ಕೆ ಫೋನೇ ಎತ್ತಿಲ್ಲ ಅಂದಮೇಲೆ ಆ ಮಾತೂ ಬರಲ್ಲ.

ಅಗ್ರಿಮೆಂಟ್ ಕೆಲಸಕ್ಕೆ ಮಾತ್ರ ಏನಾದರೂ ಕೊಡ್ರಿ, ಯಾಕಂದ್ರೆ ಅದರಲ್ಲಿ ಖರೇ ಕೆಲಸ ಐತಿ. ನೋಂದಣಿ ಇಲಾಖೆಯ ವೆಬ್‌ಸೈಟಿನಲ್ಲಿ ಎಲ್ಲಾ ವಿವರ ತುಂಬಬೇಕು, ಚಲನ್ ಕಟ್ಟಬೇಕು, ಬೆರಳಚ್ಚು ಮಷೀನು ಮತ್ತು ಕ್ಯಾಮೆರಾ ಹೊತ್ತು ಮಾಲೀಕರ ಮನೆಗೂ ಬಾಡಿಗೆಯವರ ಮನೆಗೂ ಹೋಗಬೇಕು, ಆಧಾರ್ ಸರ್ವರ್ ಬಿದ್ದರೆ ಮತ್ತೊಮ್ಮೆ ಹೋಗಬೇಕು. ನಾನು ಎರಡು ಮನೆಗೆ ಹೋಗಿ ಬರೋದಕ್ಕೆ 1,500 ತಗೋತೀನಿ. ಹೆಸರು ಬದಲಿಗೆ 2,000 ಅಂತ ಕೇಳಿದ್ದು ನೋಡಿ ನನಗೇ ನಾಚಿಕೆ ಆಯಿತು. ರಿನ್ಯೂವಲ್ ಅಂತ ಕರೆದರೂ ಮಾಡೋದು ಹೊಸ ಅಗ್ರಿಮೆಂಟೇ. ಹಳೇ ಹೆಸರಿನ ಜಾಗದಲ್ಲಿ ಹೊಸ ಹೆಸರು ಟೈಪ್ ಮಾಡ್ತಾರೆ, ಅಷ್ಟೇ.

ಸರ್ಕಾರಕ್ಕೆ ಕಟ್ಟಿದ್ದಕ್ಕೆ ಗ್ರಾಸ್ (ಸರ್ಕಾರದ ಆನ್‌ಲೈನ್ ಪಾವತಿ ವ್ಯವಸ್ಥೆ) ಚಲನ್ ಬರ್ತದೆ, ಅದರ ಮೇಲೆ ಜಿಆರ್‌ಎನ್ ನಂಬರ್ ಇರ್ತದೆ. ಅದನ್ನ ಕೇಳ್ರಿ. ಬ್ರೋಕರೇಜ್ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಅಂತ ಯಾರಾದರೂ ಹಾಕಿದರೆ ಜಿಎಸ್‌ಟಿ ನಂಬರ್ ಇರೋ ಬಿಲ್ಲು ಕೇಳ್ರಿ, ನೋಂದಣಿ ಇಲ್ಲದವರು ಅದನ್ನ ವಸೂಲಿ ಮಾಡೋ ಹಾಗಿಲ್ಲ. ವಿದ್ಯಾರ್ಥಿಗಳು ವಾಸಕ್ಕೆ ಹಿಡಿದ ಮನೆಯ ಬಾಡಿಗೆ ಮೇಲಂತೂ ಜಿಎಸ್‌ಟಿ ಇಲ್ಲವೇ ಇಲ್ಲ.

ಒಂದು ಎಚ್ಚರಿಕೆ ತಂಗೆವ್ವಾ. ಜಗಳ ಅಂತ 30ನೇ ತಾರೀಖು ದಾಟಿಸಬ್ಯಾಡ. ಲೈಸೆನ್ಸ್ ಮುಗಿದ ಮೇಲೂ ಮನೆ ಬಿಡದಿದ್ದರೆ ಎರಡು ಪಟ್ಟು ಬಾಡಿಗೆ ಕೇಳೋ ಹಕ್ಕು ಅದೇ ಕಾಯ್ದೆಯ 24ನೇ ಕಲಮಿನಲ್ಲಿ ಮಾಲೀಕರಿಗೆ ಐತಿ. ಇವತ್ತೇ ಮಾತಾಡು, ಮಾತಾಡಿದ್ದನ್ನ ಮೆಸೇಜಿನಲ್ಲೂ ಬರೆದು ಕಳಿಸು.

ಬಾಣೇರ್, ಕುಮಟಾದವನು

ನಮ್ಮ ಸೊಸೈಟಿ ಕಮಿಟಿಯಲ್ಲಿ ಮೂರು ವರ್ಷ ಖಜಾಂಚಿ ಆಗಿದ್ದೆ. ಆ 3,000ದ ಬಗ್ಗೆ ಮಾತ್ರ ಹೇಳುತ್ತೇನೆ. ಮನೆಯನ್ನು ಬಾಡಿಗೆಗೆ ಕೊಟ್ಟರೆ ಸೊಸೈಟಿ ತೆಗೆದುಕೊಳ್ಳಬಹುದಾದದ್ದು ನಾನ್ ಆಕ್ಯುಪೆನ್ಸಿ ಚಾರ್ಜ್. 2001ರ ಆಗಸ್ಟ್ 1ರ ಸರ್ಕಾರಿ ಆದೇಶದ ಪ್ರಕಾರ ಅದು ಸರ್ವಿಸ್ ಚಾರ್ಜಿನ ಶೇಕಡಾ 10 ಮೀರುವಂತಿಲ್ಲ, ಅದರಲ್ಲಿ ಪಾಲಿಕೆ ತೆರಿಗೆ ಲೆಕ್ಕಕ್ಕೆ ಬರುವುದಿಲ್ಲ. ಅದನ್ನು ಕಟ್ಟುವುದು ಮಾಲೀಕರು, ಅವರ ಮೇಂಟೆನೆನ್ಸ್ ಬಿಲ್ಲಿನಲ್ಲೇ ಬರುತ್ತದೆ. ಕೆಲವು ಕಡೆ ಸಾಮಾನು ತರುವಾಗ, ಒಯ್ಯುವಾಗ ಲಿಫ್ಟ್ ಬಳಕೆಗೆ ಅಂತ ತಗೊಳ್ಳುತ್ತಾರೆ. ನೀವು ಇದ್ದಲ್ಲೇ ಇರುವವರು, ಯಾವ ಸಾಮಾನು ಹೊತ್ತಿರಿ? ಸೊಸೈಟಿ ಆಫೀಸಿಗೆ ನೀವೇ ಹೋಗಿ, ಇಂಥ ಚಾರ್ಜ್ ಇದೆಯೇ ಎಂದು ಕೇಳಿ. ಇದ್ದರೆ ಸೊಸೈಟಿ ಹೆಸರಿನ ರಸೀದಿ ಕೊಡುತ್ತಾರೆ.

ಪೊಲೀಸರಿಗೆ ಬಾಡಿಗೆದಾರರ ಮಾಹಿತಿ ಕೊಡುವುದೂ ಮಾಲೀಕರ ಕೆಲಸ. ಪುಣೆ ಪೊಲೀಸರ ವೆಬ್‌ಸೈಟಿನಲ್ಲಿ ಕೂತಲ್ಲೇ ತುಂಬಬಹುದು, ದುಡ್ಡಿಲ್ಲ. ನನ್ನ ಬಾಡಿಗೆದಾರರದ್ದು ನಾನೇ ತುಂಬಿದ್ದೇನೆ, ಅರ್ಧ ಗಂಟೆ ಹಿಡಿಯಿತು.

ಗದಗಿನಾಕಿ

ಎಲ್ಲಾರಿಗೂ ಭಾಳ ಉಪಕಾರ ಆತ್ರಿ. ಅಕ್ಕಾ, ನೀವು ಹೇಳಿದಂಗ ಇಂಡೆಕ್ಸ್ 2 ತಗದು ನೋಡಿದೆ. ಮರಾಠಿ ಓದಾಕ ಬರೂದಿಲ್ಲ ಅಂತ ಒಂದು ವರ್ಷ ಆ ಪುಟ ತೆಗದೇ ಇರಲಿಲ್ಲ. ಅಲ್ಲಿ ಇರೂದು ನಮ್ಮವೇ ಶಬ್ದ: ಮುದ್ರಾಂಕ ಶುಲ್ಕ, ನೋಂದಣಿ ಶುಲ್ಕ. ಮುದ್ರಾಂಕ 700, ನೋಂದಣಿ 1,000. ನಾವು ಕೊಟ್ಟಿದ್ದು 5,000. ಗೆಳತ್ಯಾರಿಗೆ ತೋರಿಸಿದೆ, ಮೂವರೂ ಒಂದಿಷ್ಟು ಹೊತ್ತು ಸುಮ್ನ ಕುಂತ್ವಿ. ಅಗ್ರಿಮೆಂಟಿನ್ಯಾಗ ರಿನ್ಯೂವಲ್ ಬ್ರೋಕರೇಜ್ ಅನ್ನೋ ಮಾತು ಎಲ್ಲೂ ಇಲ್ಲ.

ಸೊಸೈಟಿ ಆಫೀಸಿಗೂ ಹೋಗಿದ್ದೆ. ರಿನ್ಯೂವಲ್‌ಗೆ ಏನೂ ಇಲ್ಲ, ಹೊಸ ಅಗ್ರಿಮೆಂಟ್ ಕಾಪಿ ಒಂದು ತಂದು ಕೊಡ್ರಿ ಸಾಕು ಅಂದ್ರು.

ಆಮ್ಯಾಲೆ ಆಜಿಗೆ ಫೋನ್ ಮಾಡಿದೆ. ಅಗ್ರಿಮೆಂಟಿನ್ಯಾಗ ಅವರ ನಂಬರ್ ಇತ್ತು. ಏನು ಮಾತಾಡಬೇಕಂತ ಸಾಂಗ್ಲಿಯಾಕಿ ಕಡೆ ಬರಿಸಿಕೊಂಡು ಇಟ್ಟಿದ್ದೆ, ಕೈಯಾಗಿನ ಚೀಟಿ ನಡುಗಾಕತ್ತಿತ್ತು. ಆಜಿ ಮೊದಲು ಕೇಳಿದ್ದು ಊಟ ಆತೇನು ಅಂತ. 23,000ದ ವಿಷಯ ಹೇಳಿದೆ, ಆ ಕಡೆ ಮಾತಿಲ್ಲ. ಫೋನ್ ಕಟ್ ಆತೇನೋ ಅಂತ ಎರಡು ಸಲ ಆಜಿ, ಆಜಿ ಅಂದೆ. ಆಮ್ಯಾಲೆ ಅಂದ್ರು: ನಾನು ಅವನಿಗೆ ಹೇಳಿದ್ದು ಒಂದೇ ಮಾತು, ಹುಡುಗ್ಯಾರು ಚಲೋ ಅದಾರ, ಅವರನ್ನೇ ಇಡು ಅಂತ. ಬಾಡಗಿ ಏರಸೋ ಮಾತು ಅವರ ಮಗ ಹೇಳಿದ್ದಂತ, ಅದೂ ಐದು ಪರ್ಸೆಂಟು. ಹತ್ತು ಹ್ಯಾಂಗಾತು ಅಂತ ಅವರಿಗೂ ಗೊತ್ತಿಲ್ಲ. ಕಾಯಾಕತ್ತಿದ್ದ ಫ್ಯಾಮಿಲಿ ಸುದ್ದಿನೂ ಅವರ ಕಿವಿಗೆ ಬಿದ್ದಿಲ್ಲ.

ಏಜೆಂಟಗ ಏನಂತ ಬರೀಲಿ ಅಂತ ಇನ್ನೂ ವಿಚಾರ ಮಾಡಾಕತ್ತೀನಿ.

ಕೋಥರೂಡ್ ಅಕ್ಕ

ಉದ್ದ ಬರೀಬೇಡ, ಸಿಟ್ಟಿನ ಮಾತು ಬೇಡ. ಮಾಲೀಕರ ಜೊತೆ ಮಾತಾಡಿದೆ, ಅಗ್ರಿಮೆಂಟ್ ನಾವೇ ಮಾಡಿಸಿಕೊಳ್ಳುತ್ತೇವೆ, ಧನ್ಯವಾದ ಅಂತ ಮೂರು ಮಾತು. ಆ ಚಾಟ್ ಅಳಿಸಬೇಡ. ಹಳೇ ಡಿಪಾಸಿಟ್ 60,000 ಹಾಗೇ ಮುಂದುವರಿದಿದೆ ಅಂತ ಹೊಸ ಅಗ್ರಿಮೆಂಟಿನಲ್ಲಿ ಸ್ಪಷ್ಟವಾಗಿ ಬರೆಸು. ಸಾಂಗ್ಲಿ ಹುಡುಗಿಯ ಪಾಲಿನ 20,000ವನ್ನು ಬಾಗಲಕೋಟೆಯವಳು ಅವಳಿಗೆ ಕೊಡಲಿ, ಅದನ್ನೂ ಬ್ಯಾಂಕ್ ಮೂಲಕವೇ ಕಳಿಸಲಿ. ಹುಡುಗಿಯರ ನಡುವೆ ಮನಸ್ತಾಪ ಬರೋದು ಹೆಚ್ಚಾಗಿ ಇಂಥ ಕಡೆ.

ಗದಗಿನಾಕಿ

ಆಯ್ತ್ರಿ, ಮುಗೀತು. ರವಿವಾರ ಸಂಜಿಮುಂದ ಅಗ್ರಿಮೆಂಟ್ ಆತು. ಬಾಡಗಿ 25,200. ಧನಕವಡಿ ಅಣ್ಣಾವ್ರು ತಾವ ಬರ್ತೀನಿ ಅಂತ ಇಲ್ಲೇ ಮೆಸೇಜ್ ಮಾಡಿದ್ರು, ಮಷೀನು ತಗೊಂಡು ಬಂದ್ರು. ಆಜಿ ಹಟ ಹಿಡದು ನಮ್ಮನ್ನೂ ಸದಾಶಿವ ಪೇಟೆಗೆ ಕರಿಸಿದ್ರು, ಎಲ್ಲಾರದೂ ಒಂದ ಕಡೆ ಆಗಲಿ ಅಂತ. ನಾವು ಒಳಗ ಕಾಲಿಡೂದ್ರಾಗ ಟೇಬಲ್ ಮ್ಯಾಲೆ ಸ್ಟೀಲ್ ಬಟ್ಟಲದಾಗ ಬಿಸಿನೀರು, ಬಾಜೂಕ ಮಡಚಿದ ಟಾವೆಲ್ ಇಟ್ಟುಕೊಂಡ ಕುಂತಿದ್ರು. ಈ ಸಲ ಮೂರನೇದಕ್ಕ ಬೆರಳ ತಗೊಂತು.

ಸರ್ಕಾರದ್ದೆಲ್ಲಾ ಕೂಡಿ ಎರಡು ಸಾವಿರದ ಸುಮಾರು ಬಂತು, ಚಲನ್ ನನ್ನ ಫೋನಿನ್ಯಾಗ ಐತಿ. ಅಣ್ಣಾವ್ರಿಗೆ 1,500. ಅರ್ಧ ಆಜಿ ಕೊಟ್ರು, ನಾವು ಬ್ಯಾಡ ಅಂದ್ರೂ ಕೇಳಲಿಲ್ಲ. ನನ್ನ ಪಾಲಿಗೆ ಬಂದಿದ್ದು ಆರುನೂರು ಚಿಲ್ರಿ. ಅಪ್ಪಗ ಫೋನ್ ಮಾಡಿ ಎಲ್ಲಾ ಹೇಳಿದೆ, ಈಗ ಹೇಳಾಕ ಅಂಜಿಕಿ ಬರಲಿಲ್ಲ.

ಹಳೇ ಏಜೆಂಟ ಬಾಡಗಿ ಬಗ್ಗೆ ಏನೂ ಅನ್ನಲಿಲ್ಲ, ಮೆಸೇಜ್ ನೋಡಿ ಸುಮ್ನಾದ. ಆದ್ರ ಅವನ ಕಡೆ ನಮ್ಮ ಮನಿದು ಒಂದು ಚಾವಿ ಉಳದೈತಿ, ಮೂರು ಸಲ ಕೇಳಿದ್ರೂ ತಂದು ಕೊಟ್ಟಿಲ್ಲ. ಮೂವರೂ ಹುಡುಗ್ಯಾರು, ರಾತ್ರಿ ಒಳಗಿಂದ ಚಿಲಕ ಹಾಕಿ ಮ್ಯಾಲೆ ಕುರ್ಚಿನೂ ಇಡಾಕತ್ತೇವಿ. ಆಜಿಗೆ ಹೇಳಿದ್ದಕ್ಕ ಬೀಗಾನ ಬದಲಿ ಮಾಡಸ್ರಿ, ಬಾಡಗಿಯೊಳಗ ಮುರಕೋರಿ ಅಂದಾರ. ನಾಳೆ ಮುಂಜಾನೆ ಬೀಗದಾಂವ ಬರ್ತಾನ.